ಮುರುಮ್ ಏರಿನಲ್ಲಿ ಭಾರದ ಬೈಕು: ಬೀದರ್‌ನ ತೋಟದ ದಾರಿಗಳಲ್ಲಿ ಹತ್ತಿ ಇಳಿಯುವ ಬಗೆ

ಬೀದರ್ ಊರು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ಕೂತಿದೆ. ಕೋಟೆಯ ಬುರುಜಿನ ಮೇಲೆ ನಿಂತು ಮಾಂಜ್ರಾ ನದಿಯ ದಿಕ್ಕಿಗೆ ನೋಡಿದವರಿಗೆ ಗೊತ್ತು, ಅಂಚು ಬಂದಕೂಡಲೇ ನೆಲ ಒಮ್ಮೆಲೇ ಕೆಳಗಿಳಿದುಬಿಡುತ್ತದೆ. ಆ ಅಂಚಿನ ಉದ್ದಕ್ಕೂ ಹೊಲಗಳು, ತೋಟದ ಮನೆಗಳು. ಡಾಂಬರು ರಸ್ತೆ ಮೇಲೆ, ಮನೆ ಕೆಳಗೆ, ನಡುವೆ ನೂರು ನೂರೈವತ್ತು ಅಡಿಯ ಮುರುಮ್ ದಾರಿ, ಅಂದರೆ ಹರಳು ಬೆರೆತ ಕೆಂಪು ಮಣ್ಣಿನ ದಾರಿ. ಟ್ರ್ಯಾಕ್ಟರ್ ಅಲ್ಲಿ ಸಲೀಸಾಗಿ ಓಡಾಡುತ್ತದೆ. ಹಗುರ ಬೈಕುಗಳು ಹೇಗೋ ಹತ್ತಿಕೊಳ್ಳುತ್ತವೆ. ದೂರ ಪ್ರಯಾಣಕ್ಕೆಂದು ಕೊಂಡ ಭಾರದ ಬೈಕಿಗೆ ಮಾತ್ರ ಆ ನೂರು ಅಡಿ ಇಡೀ ಪ್ರಯಾಣದ ಅತಿ ಕಷ್ಟದ ತುಣುಕು. ಹೈದರಾಬಾದಿನಿಂದ ಒಂದು ಕಡೆಯೂ ತಡವರಿಸದೆ ಬಂದವರು ತೋಟದ ಗೇಟಿನ ಬಳಿ ಬೈಕು ಕೆಡವಿಕೊಂಡದ್ದನ್ನು ನಾನು ಕಂಡಿದ್ದೇನೆ.

ನಾನೂ ಕೆಡವಿಕೊಂಡಿದ್ದೇನೆ. ಅಷ್ಟೂರಿನ ಕಡೆಗೆ ಇಳಿಯುವ ಅಂಚಿನಲ್ಲಿ ನಮ್ಮ ಕಾಕಾ ಅವರ ಹೊಲವಿದೆ. ಮನೆಯಿಂದ ಹೊರಟು ಏರು ಹತ್ತುತ್ತಿದ್ದೆ. ಮುಕ್ಕಾಲು ದಾರಿ ಮುಗಿದಿತ್ತು. ತೆರೆದೇ ಇದ್ದ ಗೇಟು ಗಾಳಿಗೆ ಮುಚ್ಚಿಕೊಂಡಿತು. ಅಭ್ಯಾಸಬಲದಿಂದ ಮುಂದಿನ ಬ್ರೇಕ್ ಹಿಡಿದು ಎರಡೂ ಕಾಲು ಕೆಳಗೆ ಇಟ್ಟೆ. ಮುಂದಿನ ಗಾಲಿ ತಿರುಗದೆ, ಹಿಡಿದ ಬ್ರೇಕಿನೊಂದಿಗೇ ಮುರುಮಿನ ಮೇಲೆ ಹಿಂದಕ್ಕೆ ಜಾರತೊಡಗಿತು. ಎಡಗಾಲಿನ ಕೆಳಗಿನ ಕಲ್ಲುಗಳು ಉರುಳಿದವು. ಬೈಕು ಮಲಗಿತು. ಎಲ್ಲವೂ ಎರಡು ಸೆಕೆಂಡಿನ ಮಾತು.

ಬೈಕು ಎತ್ತಲು ಬಂದ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ತಮ್ಮಾ, ಎಲ್ಲಿ ನಿಲ್ಲಬೇಕು ಅಂತ ನೋಡಿಕೊಂಡು ಹತ್ತಿದ್ದೆಯಾ?" ಅವರ ಕಾಲದಲ್ಲಿ ತುಂಬಿದ ಬಂಡಿ ಏರು ಹತ್ತುವಾಗ ಒಬ್ಬ ಹುಡುಗ ದೊಡ್ಡ ಕಲ್ಲು ಹಿಡಿದು ಗಾಲಿಯ ಪಕ್ಕದಲ್ಲೇ ನಡೆಯುತ್ತಿದ್ದನಂತೆ. ಎತ್ತು ದಣಿದು ನಿಂತರೆ ಆ ಕ್ಷಣವೇ ಗಾಲಿಯ ಹಿಂದೆ ಕಲ್ಲು ಬೀಳಬೇಕು. ಎಲ್ಲಿ ನಿಲ್ಲಿಸಬಹುದು ಎಂಬುದು ಬಂಡಿ ಹೊಡೆಯುವವನಿಗೆ ಮೊದಲೇ ತಿಳಿದಿರುತ್ತಿತ್ತು. ಈ ಲೇಖನದ ಬಹುಪಾಲು ಆ ಪ್ರಶ್ನೆಯ ಸುತ್ತಲೇ ಇದೆ. ಗಾಲಿ ಉರುಳುತ್ತಿರುವಷ್ಟು ಹೊತ್ತು ಭಾರದ ಬೈಕು ತಾನೇ ನೆಟ್ಟಗಿರುತ್ತದೆ. ನಿಲ್ಲುವ ಗಳಿಗೆಯಲ್ಲಿ ಅದರ ಇಡೀ ಭಾರ ನಿಮ್ಮ ಒಂದು ಪಾದದ ಕೆಳಗಿನ ಅಂಗೈಯಗಲದ ನೆಲವನ್ನು ನಂಬಿಕೊಳ್ಳುತ್ತದೆ.

ಮೊದಲು ನಡೆದು ನೋಡಿ

ಬೈಕನ್ನು ರಸ್ತೆಯ ಬದಿಯ ಸಮತಟ್ಟಿನಲ್ಲಿ ನಿಲ್ಲಿಸಿ, ಸವಾರಿಯ ಬೂಟಿನಲ್ಲೇ ದಾರಿಯನ್ನು ಒಮ್ಮೆ ಇಳಿದು ಹತ್ತಿ ಬನ್ನಿ. ಹತ್ತುವಾಗ ಎಲ್ಲಿ ನಿಮ್ಮ ಬೂಟು ಹಿಂದಕ್ಕೆ ಜಾರುತ್ತದೆಯೋ ಅಲ್ಲಿ ಬೈಕಿನ ಭಾರ ಹೊತ್ತು ನಿಲ್ಲಲು ಆಗುವುದಿಲ್ಲ. ಆ ಜಾಗಕ್ಕೆ ಗುರುತು ಹಾಕಿಕೊಳ್ಳಿ. ಆಮೇಲೆ ನಿಲ್ಲಬಹುದಾದ ಎರಡು ಮೂರು ಜಾಗಗಳನ್ನು ಹುಡುಕಿ. ಏರು ಸ್ವಲ್ಪ ತಗ್ಗಿರುವ ಕಡೆ, ಕಲ್ಲಿನ ಹಾಸು ಮೇಲೆದ್ದಿರುವ ಕಡೆ, ಟ್ರ್ಯಾಕ್ಟರ್ ಗಾಲಿ ತುಳಿದು ನೆಲ ಗಟ್ಟಿಯಾದ ಕಡೆ ಅಂಥ ಜಾಗಗಳು ಸಿಗುತ್ತವೆ. ಇಲ್ಲಿ ಎಡಬದಿಯ ನೆಲವನ್ನು ವಿಶೇಷವಾಗಿ ಗಮನಿಸಬೇಕು. ಏರಿನಲ್ಲಿ ನಿಂತಾಗ ಬಲಗಾಲು ಹಿಂದಿನ ಬ್ರೇಕಿನ ಮೇಲೆ ಇರಲೇಬೇಕಾದ್ದರಿಂದ ನೆಲಕ್ಕೆ ಸಿಗುವುದು ಎಡಗಾಲು ಒಂದೇ. ಎಡಕ್ಕೆ ನೆಲ ಸ್ವಲ್ಪ ಎತ್ತರವಿದ್ದರೆ ಪಾದ ಪೂರ್ತಿ ಊರುತ್ತದೆ. ಎಡಕ್ಕೆ ಮಳೆನೀರು ಕೊರೆದ ಗುಂಡಿ ಇದ್ದರೆ ಕಾಲು ನೆಲ ಹುಡುಕುವಷ್ಟರಲ್ಲಿ ಬೈಕು ಕೈ ಮೀರಿರುತ್ತದೆ.

ಗೇಟನ್ನು ತೆರೆದು ಕಲ್ಲು ಕೊಟ್ಟು ಇಡಿ. ನಾಯಿ ಕಟ್ಟಿದ್ದಾರೆಯೇ, ದನ ದಾರಿಯಲ್ಲಿ ಮಲಗಿದೆಯೇ, ಮಕ್ಕಳು ಎಲ್ಲಿದ್ದಾರೆ ಎಂದು ನೋಡಿಕೊಳ್ಳಿ. ಹಳ್ಳಿಯಲ್ಲಿ ದೊಡ್ಡ ಬೈಕು ಬಂತೆಂದರೆ ಮಕ್ಕಳು ಓಡಿ ಬರುತ್ತಾರೆ. ಮನೆಯ ಹಿರಿಯರಿಗೆ, "ನಾನು ಮೇಲೆ ಹತ್ತಿ ನಿಲ್ಲುವವರೆಗೆ ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿಕೊಳ್ಳಿ" ಎಂದು ಹೇಳಿ. ಬೈಕಿನ ಹಿಂದೆ, ಇಳಿಜಾರಿನ ಕೆಳಬದಿಯಲ್ಲಿ, ಯಾರೂ ಇರಕೂಡದು. ತಳ್ಳಲು ಬಂದವರೂ ಇರಕೂಡದು.

ಏರು ಎಷ್ಟು ಎಂದು ಅಳೆಯುವುದು

ಗೌಂಡಿಯ ಬಳಿ ಇರುವ ರಸಮಟ್ಟ ಸಾಕು. ಒಂದು ಮೀಟರ್ ಉದ್ದದ ಪಟ್ಟಿಯ ಒಂದು ತುದಿಯನ್ನು ನೆಲಕ್ಕೆ ತಾಗಿಸಿ, ಇನ್ನೊಂದು ತುದಿಯನ್ನು ಇಳಿಜಾರಿನ ಕೆಳಗಡೆಗೆ ಚಾಚಿ, ರಸಮಟ್ಟ ನೋಡಿ ಪಟ್ಟಿಯನ್ನು ಸಮಕ್ಕೆ ತನ್ನಿ. ಆ ತುದಿಯಿಂದ ನೆಲಕ್ಕೆ ಎಷ್ಟು ಅಂತರ ಎಂದು ಅಳೆಯಿರಿ. 20 ಸೆಂಟಿಮೀಟರ್ ಇದ್ದರೆ ಅದು ಐದಕ್ಕೆ ಒಂದರ ಏರು, ಸುಮಾರು 11 ಡಿಗ್ರಿ. 25 ಇದ್ದರೆ ನಾಲ್ಕಕ್ಕೆ ಒಂದು, 14 ಡಿಗ್ರಿ.

ಕಾಕಾ ಅವರ ದಾರಿಯ ಕಡಿದಾದ ಭಾಗ ಐದಕ್ಕೆ ಒಂದು. ನನ್ನದು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650, ತೂಕ 241 ಕಿಲೋ. ನನ್ನ 75 ಕಿಲೋ ಸೇರಿದರೆ 316. ಐದಕ್ಕೆ ಒಂದರ ಏರಿನಲ್ಲಿ ಆ ಭಾರದಲ್ಲಿ ಸುಮಾರು 62 ಕಿಲೋ ಬೈಕನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ಒಂದು ಕ್ವಿಂಟಲ್ ಜೋಳದ ಚೀಲದ ಅರ್ಧಕ್ಕಿಂತ ಹೆಚ್ಚು ಭಾರವನ್ನು ಉರುಳುವ ಕಲ್ಲುಗಳ ಮೇಲೆ ಊರಿದ ಕಾಲಿನಿಂದ ತಡೆಯಲಾಗದು. ತಡೆಯಬೇಕಾದದ್ದು ಹಿಂದಿನ ಗಾಲಿ. ಕಾಲಿನ ಕೆಲಸ ಬೈಕು ಪಕ್ಕಕ್ಕೆ ವಾಲದಂತೆ ನೋಡಿಕೊಳ್ಳುವುದಷ್ಟೇ.

ನಾಲ್ಕಕ್ಕೆ ಒಂದಕ್ಕಿಂತ ಕಡಿದಾಗಿದ್ದು, ಮೇಲೆ ಸಡಿಲ ಕಲ್ಲು ಹರಡಿದ್ದರೆ ನಾನು ಇಳಿಸುವುದೇ ಇಲ್ಲ. ಬೈಕನ್ನು ಮೇಲೆಯೇ ಬಿಟ್ಟು ನಡೆದು ಹೋಗುತ್ತೇನೆ. ನಿಮಗೂ ಅದನ್ನೇ ಹೇಳುತ್ತೇನೆ.

ಮುರುಮಿನ ಗುಣ

ನಮ್ಮ ಕೆಂಪು ಮುರುಮ್ ಜಂಬಿಟ್ಟಿಗೆ ಸವೆದು ಆದದ್ದು. ಅದರಲ್ಲಿ ಕಬ್ಬಿಣದಂಶದ ಗುಂಡು ಹರಳುಗಳೂ ಇವೆ, ಅವನ್ನು ಹಿಡಿದಿಡುವ ಸಣ್ಣ ಮಣ್ಣೂ ಇದೆ. ಮಣ್ಣು ಇರುವವರೆಗೆ ದಾರಿ ಗಟ್ಟಿ. ಬೇಸಿಗೆಯಲ್ಲಿ ಆ ಮಣ್ಣು ದೂಳಾಗಿ ಹಾರಿಹೋಗುತ್ತದೆ, ಮೊದಲ ಬಿರುಸು ಮಳೆಯಲ್ಲಿ ತೊಳೆದು ಹೋಗುತ್ತದೆ. ಉಳಿಯುವುದು ಗಟ್ಟಿ ನೆಲದ ಮೇಲೆ ಚೆಲ್ಲಿದ ಗೋಲಿಗಳಂಥ ಹರಳು. ಇಲ್ಲಿ ಟೈರು ನೆಲವನ್ನೇ ಮುಟ್ಟುವುದಿಲ್ಲ, ಹರಳುಗಳ ಮೇಲೆ ಉರುಳುತ್ತದೆ. ಏಪ್ರಿಲ್, ಮೇ ತಿಂಗಳ ಮುರುಮ್ ದಾರಿ ಮಳೆಗಾಲದ ದಾರಿಗಿಂತ ಹೆಚ್ಚು ಮೋಸದ್ದು ಎಂದು ನನ್ನ ಅನುಭವ. ಹದವಾದ ಮಳೆ ಬಿದ್ದು ಒಂದು ದಿನ ಒಣಗಿದ ಮುರುಮಿನಷ್ಟು ಒಳ್ಳೆಯ ಹಿಡಿತ ಬೇರೆ ಯಾವ ಕಚ್ಚಾ ದಾರಿಯಲ್ಲೂ ಸಿಗುವುದಿಲ್ಲ.

ಅಂಚಿನ ದಾರಿಗಳಲ್ಲಿ ಇನ್ನೊಂದು ವಿಷಯವಿದೆ. ಜಂಬಿಟ್ಟಿಗೆ ಮಳೆನೀರನ್ನು ಕುಡಿದು ಕೆಳಗೆ ಬಿಡುತ್ತದೆ. ಅದರ ಅಡಿಯ ಕಪ್ಪು ಬಂಡೆಯ ಪದರ ಆ ನೀರನ್ನು ತಡೆಯುತ್ತದೆ. ಎರಡೂ ಕೂಡುವಲ್ಲಿ, ಇಳಿಜಾರಿನ ನಡುವೆ, ನೀರು ಹೊರಗೆ ಜಿನುಗುತ್ತದೆ. ಬೀದರ್‌ನ ಝರಿಗಳ ಗುಟ್ಟು ಇದು. ಬಹಮನಿ ಕಾಲದವರು ನೌಬಾದಿನಲ್ಲಿ ಸುರಂಗ ಬಾವಿ ಕೊರೆದದ್ದೂ ನೆಲದೊಳಗಿನ ಇಂಥ ನೀರನ್ನು ನಂಬಿಯೇ. ಸವಾರನಿಗೆ ಇದರ ಅರ್ಥ ಇಷ್ಟು: ಮಳೆ ನಿಂತು ವಾರಗಳಾದರೂ ದಾರಿಯ ಮಧ್ಯೆ ಹತ್ತಿಪ್ಪತ್ತು ಅಡಿ ತೇವವಿರಬಹುದು, ಪಾಚಿಯೂ ಕಟ್ಟಿರಬಹುದು. ಇನ್ನೂ ಕೆಳಗೆ ಹೋದರೆ ಕೆಂಪು ಮುಗಿದು ಕಪ್ಪು ಎರೆಮಣ್ಣು ಶುರುವಾಗುತ್ತದೆ. ಒದ್ದೆಯಾದ ಎರೆಮಣ್ಣು ಟೈರಿನ ಗೆರೆಗಳಲ್ಲಿ ತುಂಬಿ, ಮಡ್‌ಗಾರ್ಡಿನೊಳಗೆ ಸೇರಿ ಗಾಲಿಯನ್ನೇ ಹಿಡಿದುಬಿಡುತ್ತದೆ. ಅದು ಒದ್ದೆಯಿದ್ದಾಗ ಭಾರದ ಬೈಕನ್ನು ಇಳಿಸಬೇಡಿ. ಮಾತು ಮುಗಿಯಿತು.

ಖಡಿ, ಅಂದರೆ ಜಲ್ಲಿಕಲ್ಲು, ಹಾಕಿದ ದಾರಿಯಾದರೆ ದಪ್ಪ ನೋಡಿ. ರೋಲರ್ ಹೊಡೆಯದೆ ನಾಲ್ಕು ಬೆರಳು ದಪ್ಪಕ್ಕೆ ಸುರಿದ 40 ಮಿಲಿಮೀಟರ್ ಖಡಿಯಲ್ಲಿ ಮುಂದಿನ ಗಾಲಿ ಹೂತು, ಹ್ಯಾಂಡಲ್ ತನ್ನಷ್ಟಕ್ಕೆ ತಿರುಗುತ್ತದೆ. ಅಂಥ ಕಡೆ ಟ್ರ್ಯಾಕ್ಟರ್ ಗಾಲಿಯ ಜಾಡಿನಲ್ಲೇ ಹೋಗಿ.

ಬೈಕು ಮತ್ತು ಸವಾರ

ಹಿಂದೆ ಕೂತವರು ಇಳಿದು ನಡೆಯಲಿ. ನನ್ನ ಹೆಂಡತಿ ಯಾವಾಗಲೂ ನನಗಿಂತ ಮೊದಲೇ ಹತ್ತಿ ಗೇಟಿನ ಬಳಿ ನಿಲ್ಲುತ್ತಾಳೆ. ಮೇಲಿನ ರಸ್ತೆಯಲ್ಲಿ ವಾಹನ ಬರುತ್ತಿದೆಯೇ ಎಂದು ಕೈ ಮಾಡಿ ತಿಳಿಸುವುದು ಅವಳೇ. ಸೀಟಿನ ಹಿಂದೆ ಎತ್ತರಕ್ಕೆ ಕಟ್ಟಿದ ಚೀಲವನ್ನು ಬಿಚ್ಚಿ ಕೈಯಲ್ಲಿ ಒಯ್ಯಿರಿ. ಏರಿನಲ್ಲಿ ಅದು ಮುಂದಿನ ಗಾಲಿಯನ್ನು ಇನ್ನಷ್ಟು ಹಗುರ ಮಾಡುತ್ತದೆ.

ನೂರು ಅಡಿಯ ದಾರಿಗಾಗಿ ಟೈರಿನ ಗಾಳಿ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ಹಿಡಿತ ಸ್ವಲ್ಪ ಹೆಚ್ಚುವುದು ನಿಜ. ಆದರೆ ಕಡಿಮೆ ಗಾಳಿಯಲ್ಲಿ ಹೆದ್ದಾರಿಗೆ ಹೋದರೆ ಟೈರು ಕಾಯುತ್ತದೆ, ಕಲ್ಲಿಗೆ ತಾಗಿದರೆ ಗಾಲಿಯ ಅಂಚು ಹಾಳಾಗುತ್ತದೆ. ಬೈಕಿನ ಮೇಲೆ ಬರೆದಿರುವಷ್ಟು ಗಾಳಿ ಇರಲಿ. ಟೈರಿನ ಗೆರೆಗಳು ಸವೆದಿದ್ದರೆ ಅದನ್ನು ಮೊದಲು ಬದಲಿಸಿ. ಹಿಂದಿನ ಗಾಲಿ ಜಾರಿದೊಡನೆ ಎಂಜಿನ್ನಿನ ಶಕ್ತಿ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ನಿಮ್ಮ ಬೈಕಿನಲ್ಲಿದ್ದರೆ, ಸಡಿಲ ಏರು ಹತ್ತುವ ಮೊದಲು ಅದನ್ನು ಆಫ್ ಮಾಡಿ ಅಥವಾ ಕಚ್ಚಾ ರಸ್ತೆಯ ಮೋಡ್‌ಗೆ ಹಾಕಿ. ಇಲ್ಲವಾದರೆ ಶಕ್ತಿ ಬೇಕಾದ ಗಳಿಗೆಯಲ್ಲೇ ಅದು ಕೈಕೊಟ್ಟು ಬೈಕನ್ನು ನಡುದಾರಿಯಲ್ಲಿ ನಿಲ್ಲಿಸುತ್ತದೆ.

ಚಪ್ಪಲಿ ಬೇಡ. ಕಾಲಿನ ಗಿಣ್ಣು ಮುಚ್ಚುವ, ಅಡಿಯಲ್ಲಿ ಆಳದ ಗೆರೆಗಳಿರುವ ಬೂಟು ಬೇಕು. ಮನೆಯ ಅಂಗಳವೇ ಅಲ್ಲವೇ ಎಂದು ಹೆಲ್ಮೆಟ್ ತೆಗೆಯಬೇಡಿ.

ಹತ್ತುವುದು

ಏರು ಶುರುವಾಗುವ ಮೊದಲು, ಸಮತಟ್ಟಿನಲ್ಲೇ, ಮೊದಲ ಗೇರಿಗೆ ಬಂದು ಬೈಕನ್ನು ನೇರ ಮಾಡಿಕೊಳ್ಳಿ. ವೇಗ ಓಡುವ ಮನುಷ್ಯನಷ್ಟು, ಗಂಟೆಗೆ 12ರಿಂದ 15 ಕಿಲೋಮೀಟರ್ ಇರಲಿ. ಅದಕ್ಕಿಂತ ನಿಧಾನವಾದರೆ ಬೈಕು ತೂಗಾಡುತ್ತದೆ, ಹೆಚ್ಚಾದರೆ ಪ್ರತಿ ಕಲ್ಲಿಗೂ ಮುಂದಿನ ಗಾಲಿ ಪುಟಿಯುತ್ತದೆ. ಕ್ಲಚ್ ಪೂರ್ತಿ ಬಿಟ್ಟಿರಬೇಕು. ಆಕ್ಸಿಲರೇಟರ್ ಹಿಡಿದ ಕೈ ಕದಲಬಾರದು. ಒಮ್ಮೆ ಹದ ಸಿಕ್ಕ ಮೇಲೆ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಮುಂದಕ್ಕೆ ಸರಿದು ಕೂತು ಎದೆಯನ್ನು ಟ್ಯಾಂಕಿನ ಕಡೆ ಬಾಗಿಸಿ, ಮೊಣಕಾಲುಗಳಿಂದ ಟ್ಯಾಂಕನ್ನು ಅಪ್ಪಿಹಿಡಿಯಿರಿ. ತೋಳುಗಳು ಸಡಿಲವಾಗಿರಲಿ. ಮುಂದಿನ ಗಾಲಿ ಅತ್ತಿತ್ತ ಅಲೆಯುವುದು ಸಹಜ, ಅದು ತಾನೇ ದಾರಿ ಹುಡುಕಿಕೊಳ್ಳುತ್ತದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಎದುರಿಸಲು ಹೋದರೆ ಆ ಅಲೆದಾಟ ಇಡೀ ಬೈಕಿಗೆ ಹಬ್ಬುತ್ತದೆ.

ಕಣ್ಣು ಮೇಲಿನ ಗೇಟಿನ ಮೇಲಿರಲಿ. ಮುಂದಿನ ಗಾಲಿಯ ಬುಡದ ಕಲ್ಲನ್ನು ನೋಡುತ್ತ ಹತ್ತಿದವರು ಆ ಕಲ್ಲಿನ ಮೇಲೆಯೇ ಹೋಗುತ್ತಾರೆ.

ಹಿಂದಿನ ಗಾಲಿ ಸ್ವಲ್ಪ ತಿರುಗಿ ಕಲ್ಲು ಎರಚಿದರೆ ಗಾಬರಿಯಾಗಿ ಆಕ್ಸಿಲರೇಟರ್ ಮುಚ್ಚಬೇಡಿ. ಕೂದಲೆಳೆಯಷ್ಟು ತಗ್ಗಿಸಿ. ಗಾಲಿ ಮತ್ತೆ ನೆಲ ಹಿಡಿಯುತ್ತದೆ. ಒಮ್ಮೆಲೇ ಮುಚ್ಚಿದರೆ ಬೈಕು ನೀವು ಆರಿಸದ ಜಾಗದಲ್ಲಿ ನಿಲ್ಲುತ್ತದೆ. ಆಮೇಲಿನ ಕಥೆ ನಿಮಗೆ ಗೊತ್ತು.

ದಾರಿ ಡಾಂಬರು ಸೇರುವಲ್ಲಿ ಒಂದು ಮೆಟ್ಟಿಲಿನಂಥ ಅಂಚಿರುತ್ತದೆ. ನನ್ನ ಬೈಕಿನ ಹೊಟ್ಟೆ ನೆಲದಿಂದ 135 ಮಿಲಿಮೀಟರ್ ಎತ್ತರ, ಅಂದರೆ ಐದೂಕಾಲು ಅಂಗುಲ. ಅಂಚು ಚೂಪಾಗಿದ್ದರೆ ಎಂಜಿನ್ನಿನ ತಳ ತಾಗುತ್ತದೆ. ಓರೆಯಾಗಿ ಹತ್ತಿದರೆ ಗಾಲಿ ಅಂಚಿನುದ್ದಕ್ಕೂ ಜಾರುತ್ತದೆ. ನೇರವಾಗಿಯೇ ಹತ್ತಿ. ತಾಗುವ ಅನುಮಾನವಿದ್ದರೆ ಮುಂಚೆಯೇ ನಾಲ್ಕು ಬುಟ್ಟಿ ಮುರುಮ್ ಸುರಿದು ತುಳಿದು ಅಂಚನ್ನು ಮುಚ್ಚಿ.

ನಡುದಾರಿಯಲ್ಲಿ ನಿಲ್ಲಬೇಕಾಗಿ ಬಂದರೆ

ಈ ಭಾಗವನ್ನು ಎರಡು ಸಲ ಓದಿ. ಸಾಧ್ಯವಾದರೆ ಊರ ಹೊರಗಿನ ಖಾಲಿ ಮೈದಾನದ ಸಣ್ಣ ದಿಬ್ಬದಲ್ಲಿ ಅಭ್ಯಾಸ ಮಾಡಿ.

ಏರಿನಲ್ಲಿ ಬೈಕಿನ ಭಾರ ಹಿಂದಿನ ಗಾಲಿಗೆ ಇಳಿದಿರುತ್ತದೆ, ಮುಂದಿನ ಗಾಲಿ ಹಗುರವಾಗಿರುತ್ತದೆ. ಹಗುರವಾದ ಗಾಲಿಗೆ ಎಷ್ಟು ಬ್ರೇಕ್ ಹಿಡಿದರೂ ಅದು ಸಡಿಲ ಕಲ್ಲಿನ ಮೇಲೆ ಜಾರಿಕೊಂಡು ಹಿಂದೆ ಬರುತ್ತದೆ. ನನ್ನ ಬೈಕು ಬಿದ್ದದ್ದು ಹೀಗೆಯೇ. ಆದ್ದರಿಂದ ಏರಿನಲ್ಲಿ ಬೈಕನ್ನು ಹಿಡಿದು ನಿಲ್ಲಿಸುವುದು ಹಿಂದಿನ ಬ್ರೇಕ್. ಮುಂದಿನದು ಜೊತೆಗೆ ಇರಲಿ, ನಂಬಿಕೆ ಮಾತ್ರ ಹಿಂದಿನದರ ಮೇಲೆ. ಬಲಗಾಲು ಪೆಡಲ್ ಮೇಲೆ, ಎಡಗಾಲು ನೆಲದ ಮೇಲೆ, ಬೈಕು ಕೂದಲೆಳೆಯಷ್ಟು ಎಡಕ್ಕೆ ವಾಲಿರಲಿ. ಪಾದವನ್ನು ಮೇಲಿನಿಂದ ನೇರವಾಗಿ ಊರಿ. ಚಲಿಸುತ್ತಿರುವಾಗಲೇ ಕಾಲು ಎಳೆಯುತ್ತ ಬಂದರೆ ಅದು ಹರಳುಗಳ ಮೇಲೆ ಉರುಳಿಬಿಡುತ್ತದೆ.

ಎಂಜಿನ್ ನಿಂತುಹೋದರೆ ಹೆಚ್ಚಿನವರು ಮಾಡುವ ತಪ್ಪು ಕ್ಲಚ್ ಹಿಡಿಯುವುದು. ಕ್ಲಚ್ ಬಿಟ್ಟುಬಿಡಿ. ಮೊದಲ ಗೇರಿನಲ್ಲಿ ನಿಂತ ಎಂಜಿನ್ ತಾನೇ ಹಿಂದಿನ ಗಾಲಿಯನ್ನು ಕಟ್ಟಿಹಾಕುತ್ತದೆ. ಕಾಕಾ ಹೇಳಿದ ಹುಡುಗನ ಕಲ್ಲು ಇದೇ. ಈಗ ಎರಡೂ ಕಾಲು ನೆಲದ ಮೇಲಿಟ್ಟು ಉಸಿರು ತೆಗೆದುಕೊಳ್ಳಲು ನಿಮಗೆ ಸಮಯವಿದೆ.

ಮತ್ತೆ ಹೊರಡಬೇಕಾದರೆ ಕ್ರಮ ಹೀಗೆ:

1. ಎಡಗಾಲು ಗಟ್ಟಿ ನೆಲದ ಮೇಲಿದೆಯೇ ನೋಡಿ. ಸಡಿಲ ಕಲ್ಲುಗಳಿದ್ದರೆ ಬೂಟಿನಿಂದ ಗೀಚಿ ಪಾದದಷ್ಟು ಜಾಗ ಮಾಡಿಕೊಳ್ಳಿ.
2. ಬಲಗಾಲಿನಿಂದ ಹಿಂದಿನ ಬ್ರೇಕ್ ಒತ್ತಿದ ಮೇಲೆಯೇ ಕ್ಲಚ್ ಹಿಡಿದು ಎಂಜಿನ್ ಚಾಲೂ ಮಾಡಿ.
3. ಆಕ್ಸಿಲರೇಟರ್ ಸ್ವಲ್ಪ ತಿರುವಿ ಅಲ್ಲೇ ಹಿಡಿದು, ಬೈಕು ಮುಂದಕ್ಕೆ ತುಯ್ಯುವವರೆಗೆ ಕ್ಲಚ್ಚನ್ನು ನಿಧಾನ ಬಿಡಿ. ಹಿಂಭಾಗ ತುಸು ಕುಸಿದಂತೆ ಅನ್ನಿಸಿದರೆ ಗಾಲಿಗೆ ಶಕ್ತಿ ಮುಟ್ಟಿದೆ ಎಂದರ್ಥ.
4. ಆಗ ಬ್ರೇಕ್ ಮೇಲಿನ ಪಾದವನ್ನು ನಿಧಾನವಾಗಿ ಸಡಿಲಿಸಿ. ಬೈಕು ಹೊರಟ ಮೇಲೆ ಎಡಗಾಲು ಎತ್ತಿ.

ಎರಡು ಪ್ರಯತ್ನದಲ್ಲಿ ಆಗದಿದ್ದರೆ ಮೂರನೆಯದು ಬೇಡ. ಹಿಂದಿನ ಗಾಲಿ ತಿರುಗಿ ತಿರುಗಿ ಗುಂಡಿ ತೋಡಿರುತ್ತದೆ. ಕೆಳಗಿನ ಸಮತಟ್ಟಿಗೆ ಹಿಂದಕ್ಕೆ ಬನ್ನಿ. ಹಿಂದಕ್ಕೆ ಬರುವಾಗ ಎರಡೂ ಕಾಲು ನೆಲಕ್ಕೆ ಬೇಕು, ಬ್ರೇಕಿಗೆ ಕಾಲು ಸಿಗುವುದಿಲ್ಲ. ಆ ಕೆಲಸವನ್ನು ಕ್ಲಚ್ ಮಾಡುತ್ತದೆ. ಎಂಜಿನ್ ಆಫ್, ಮೊದಲ ಗೇರು. ಕ್ಲಚ್ಚನ್ನು ತುಸು ಹಿಡಿದರೆ ಬೈಕು ಒಂದು ಗೇಣು ಹಿಂದೆ ಉರುಳುತ್ತದೆ, ಬಿಟ್ಟರೆ ನಿಲ್ಲುತ್ತದೆ. ಗೇಣು ಗೇಣಾಗಿ, ಹ್ಯಾಂಡಲ್ ನೇರವಿಟ್ಟು, ಹೆಗಲ ಮೇಲಿಂದ ಹಿಂದೆ ನೋಡುತ್ತ ಇಳಿಯಿರಿ. ಹತ್ತು ನಿಮಿಷ ಹಿಡಿಯಲಿ. ಇಕ್ಕಟ್ಟಾದ ಏರಿನ ಮಧ್ಯೆ ಇಷ್ಟು ಭಾರದ ಬೈಕನ್ನು ಅಡ್ಡ ತಿರುಗಿಸಲು ಒಬ್ಬರೇ ಹೋಗಬೇಡಿ. ಅಡ್ಡವಾದ ಕೂಡಲೇ ಕೆಳಬದಿಯ ಕಾಲಿಗೆ ನೆಲ ಎಟುಕುವುದಿಲ್ಲ.

ಕ್ಲಚ್ ಲಿವರ್ ಇಲ್ಲದ ಬೈಕುಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಹೋಂಡಾ ಗೋಲ್ಡ್‌ವಿಂಗ್‌ನಂಥವುಗಳಲ್ಲಿ ನಡಿಗೆಯ ವೇಗದಲ್ಲಿ ಹಿಂದೆ ಮುಂದೆ ಚಲಿಸುವ ವ್ಯವಸ್ಥೆಯೇ ಇದೆ. ಅದನ್ನು ಸಮತಟ್ಟಿನಲ್ಲಿ ಪಳಗಿಸಿಕೊಂಡ ಮೇಲೆ ಇಳಿಜಾರಿಗೆ ಬನ್ನಿ.

ಇಳಿಯುವುದು

ಇಳಿಯುವಾಗ ಲೆಕ್ಕ ತಿರುವುಮುರುವು. ಭಾರ ಮುಂದಿನ ಗಾಲಿಗೆ ಬರುತ್ತದೆ, ಹಿಂದಿನದು ಹಗುರವಾಗುತ್ತದೆ. ಮೇಲೆಯೇ ಪೂರ್ತಿ ನಿಂತು ಮೊದಲ ಗೇರು ಹಾಕಿ, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಮುಚ್ಚಿ, ಎಂಜಿನ್ನೇ ಬೈಕನ್ನು ಹಿಡಿದು ಇಳಿಸುವಂತೆ ಮಾಡಿ. ನ್ಯೂಟ್ರಲ್‌ನಲ್ಲಿ ಇಳಿಯುವುದು, ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡುವುದು, ಭಯವಾದಾಗ ಕ್ಲಚ್ ಹಿಡಿಯುವುದು, ಮೂರೂ ಅಪಾಯ. ಕ್ಲಚ್ ಹಿಡಿದ ಕ್ಷಣವೇ ಬೈಕು ತನ್ನ ಪೂರ್ತಿ ಭಾರದೊಂದಿಗೆ ಓಡತೊಡಗುತ್ತದೆ.

ಎಂಜಿನ್ ಹಿಡಿತ ಸಾಲದಿದ್ದರೆ ಹಿಂದಿನ ಬ್ರೇಕನ್ನು ಮೃದುವಾಗಿ ಸೇರಿಸಿ. ಹಿಂದಿನ ಗಾಲಿ ಒಮ್ಮೆ ಜಾರಿದರೂ ಬೈಕು ನೆಟ್ಟಗಿರುತ್ತದೆ. ಮುಂದಿನ ಬ್ರೇಕ್ ಬೇಡವೇ ಬೇಡ ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಇಳಿಜಾರಿನಲ್ಲಿ ಹಿಡಿತ ಇರುವುದೇ ಮುಂದಿನ ಗಾಲಿಯಲ್ಲಿ. ಎರಡು ಬೆರಳಿನಿಂದ, ಹಣ್ಣು ಹಿಂಡದೆ ಹದ ನೋಡುವಷ್ಟು ಮೆಲ್ಲಗೆ, ಹ್ಯಾಂಡಲ್ ನೇರವಾಗಿರುವಾಗ ಮಾತ್ರ ಹಿಡಿಯಿರಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಬೈಕು ಅದೇ ಬದಿಗೆ ಮಲಗುತ್ತದೆ.

ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ಬಗ್ಗೆ ಒಂದು ಮಾತು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಅದು ಕಡ್ಡಾಯ. ಡಾಂಬರಿನ ಮೇಲೆ ಅದು ಜೀವ ಉಳಿಸುತ್ತದೆ. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಗಾಲಿ ಜಾರಿದಾಗಲೆಲ್ಲ ಅದು ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಬೈಕು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಲಿವರ್ ಗಡಗಡ ಎನ್ನುತ್ತಿದ್ದರೆ ಬ್ರೇಕ್ ಕೆಟ್ಟಿಲ್ಲ, ನಿಮ್ಮ ವೇಗ ಹೆಚ್ಚಾಗಿದೆ. ತೀರ ನಿಧಾನದಲ್ಲಿ ಎಬಿಎಸ್ ಸುಮ್ಮನಾಗುತ್ತದೆ, ಕೊನೆಯ ಒಂದೆರಡು ಅಡಿಯಲ್ಲಿ ಗಾಲಿ ಲಾಕ್ ಆಗಬಹುದು. ನಿಲ್ಲುವ ಗಳಿಗೆಯಲ್ಲಿ ಮುಂದಿನ ಬ್ರೇಕನ್ನು ಇನ್ನಷ್ಟು ಸಡಿಲಿಸಿ.

ಸೀಟಿನಲ್ಲಿ ಹಿಂದಕ್ಕೆ ಸರಿದು ಕೂತು, ಮೊಣಕಾಲಿನಿಂದ ಟ್ಯಾಂಕ್ ಹಿಡಿದರೆ ಕೈಗಳ ಮೇಲೆ ಭಾರ ಬೀಳುವುದಿಲ್ಲ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಇಳಿಯುವುದು ಅದಕ್ಕೆಂದೇ ಮಾಡಿದ ಅಡ್ವೆಂಚರ್ ಬೈಕುಗಳಿಗೆ ಚೆನ್ನ. ಕಾಲು ಮುಂದೆ ಚಾಚಿ ಕೂರುವ ನನ್ನಂಥವರ ಬೈಕಿನಲ್ಲಿ ಅದನ್ನು ಅನುಕರಿಸಬೇಡಿ.

ದಾರಿಯಲ್ಲಿ ತಿರುವು ಇದ್ದರೆ, ಹತ್ತುವಾಗಲೂ ಇಳಿಯುವಾಗಲೂ ಹೊರಗಿನ ಅಂಚಿನಿಂದ ದೊಡ್ಡದಾಗಿ ತೆಗೆದುಕೊಳ್ಳಿ. ತಿರುವಿನ ಒಳಬದಿಯೇ ಎಲ್ಲಕ್ಕಿಂತ ಕಡಿದು. ಬ್ರೇಕಿನ ಕೆಲಸ ತಿರುವಿಗೆ ಮೊದಲೇ ಮುಗಿದಿರಲಿ.

ನಿಲ್ಲಿಸಿ ಇಳಿಯುವುದು

ಇಳಿಜಾರಿನಲ್ಲೇ ನಿಲ್ಲಿಸಬೇಕಾದರೆ ಬೈಕಿನ ಮುಖ ಏರಿನ ಕಡೆಗಿರಲಿ, ಮೊದಲ ಗೇರಿನಲ್ಲಿರಲಿ. ಸೈಡ್ ಸ್ಟ್ಯಾಂಡ್ ಮಡಚಿಕೊಳ್ಳುವುದು ಬೈಕು ಮುಂದಕ್ಕೆ ಉರುಳಿದಾಗ, ಹೀಗಾಗಿ ಮುಖ ಕೆಳಗಿದ್ದರೆ ಬೈಕು ಸ್ಟ್ಯಾಂಡಿನಿಂದ ಜಾರಿ ಬೀಳುತ್ತದೆ. ಅಡ್ಡಲಾಗಿ ನಿಲ್ಲಿಸಿದರೂ ಕಷ್ಟ. ಎಡಬದಿ ಎತ್ತರವಾದರೆ ಬೈಕು ನೆಟ್ಟಗಾಗಿ ಬಲಕ್ಕೆ ಉರುಳುತ್ತದೆ, ತಗ್ಗಾದರೆ ಎಡಕ್ಕೆ ಅತಿಯಾಗಿ ವಾಲುತ್ತದೆ. ಮುರುಮಿನಲ್ಲಿ ಸ್ಟ್ಯಾಂಡಿನ ತುದಿ ಇಳಿದುಹೋಗುತ್ತದೆ. ನಾನು ಅಂಗೈಯಗಲದ ಶಹಾಬಾದಿ ಫರಸಿಯ (ನೆಲಕ್ಕೆ ಹಾಸುವ ಕಲ್ಲಿನ) ಚೂರೊಂದನ್ನು ಬೈಕಿನ ಚೀಲದಲ್ಲೇ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಮನೆ ಕಟ್ಟುವಲ್ಲೆಲ್ಲ ಅಂಥ ಚೂರುಗಳು ಬಿದ್ದಿರುತ್ತವೆ. ಅದರ ಮೇಲೆ ಸ್ಟ್ಯಾಂಡ್ ಊರಿದರೆ ರಾತ್ರಿ ಮಳೆ ಬಂದರೂ ನಿದ್ದೆಗೆ ಭಂಗವಿಲ್ಲ.

ಬಿದ್ದೇ ಬಿಟ್ಟರೆ

ಬೀಳುವುದು ಖಚಿತ ಎನ್ನಿಸಿದಾಗ ಹಿಡಿಯಲು ಹೋಗಬೇಡಿ. ಮೊಣಕಾಲು, ಸೊಂಟ ಕಳೆದುಕೊಳ್ಳುತ್ತೀರಿ. ಬೈಕನ್ನು ಬಿಟ್ಟು ಏರಿನ ಬದಿಗೆ ಸರಿಯಿರಿ. ಎಂಜಿನ್ ಆಫ್ ಮಾಡಿ, ಪೆಟ್ರೋಲ್ ಸೋರುತ್ತಿದೆಯೇ ನೋಡಿ. ಒಂದೆರಡು ನಿಮಿಷ ಕುಳಿತು ನೀರು ಕುಡಿಯಿರಿ. ಕೋಪದಲ್ಲಿ, ನಾಚಿಕೆಯಲ್ಲಿ ಎತ್ತಿದ ಬೈಕು ಇನ್ನೊಮ್ಮೆ ಬೀಳುತ್ತದೆ.

ಬೈಕಿನ ಗಾಲಿಗಳು ಏರಿನ ಕಡೆಗೂ ಹ್ಯಾಂಡಲ್ ಕೆಳಕ್ಕೂ ಇದ್ದರೆ ಎತ್ತುವುದು ಅಸಾಧ್ಯ. ಇಬ್ಬರು ಮೂವರು ಸೇರಿ ಮಲಗಿದ ಸ್ಥಿತಿಯಲ್ಲೇ ಎಳೆದು, ಗಾಲಿಗಳು ಇಳಿಜಾರಿನ ಕೆಳಗೆ ಬರುವಂತೆ ತಿರುಗಿಸಿ. ಗೇರಿನಲ್ಲಿದೆಯೇ ನೋಡಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರತೆಗೆಯಿರಿ. ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಬೈಕಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಕುಂಡಿಯೊರಗಿಸಿ ಕುಕ್ಕರುಗಾಲಿನಲ್ಲಿ ಕೂರಿ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಸರಳು. ಬೆನ್ನು ನೇರವಿಟ್ಟು, ತೊಡೆಯ ಬಲದಿಂದ ಪುಟ್ಟ ಪುಟ್ಟ ಹೆಜ್ಜೆ ಹಿಂದಕ್ಕಿಡುತ್ತ ಎತ್ತಿ. ಎದುರು ಬದಿಯಲ್ಲಿ ಒಬ್ಬರು ನಿಂತಿರಲಿ. ನೆಟ್ಟಗಾದ ಬೈಕು ಕೆಳಬದಿಗೆ ಮಗುಚಿಕೊಳ್ಳದಂತೆ ತಡೆಯುವುದಷ್ಟೇ ಅವರ ಕೆಲಸ, ನಿಂತದ್ದನ್ನು ಕಂಡ ಕೂಡಲೇ ಅವರು ಮೇಲಕ್ಕೆ ಬರಲಿ.

ದಾರಿ ನಿಮ್ಮದೇ ಆಗಿದ್ದರೆ

ಆಗ ಸವಾರಿಗಿಂತ ದಾರಿಯನ್ನೇ ತಿದ್ದುವುದು ಸುಲಭ. ನಾವು ಕಾಕಾ ಅವರ ಹೊಲದಲ್ಲಿ ಮಾಡಿದ್ದು ಇಷ್ಟು. ಉರುಳು ಹರಳುಗಳನ್ನು ಸಲಿಕೆಯಿಂದ ಬಳಿದು ಬದಿಗೆ ಹಾಕಿದೆವು. ಮೂಲೆ ಚೂಪಾಗಿರುವ 20 ಮಿಲಿಮೀಟರ್ ಖಡಿಯನ್ನು ತೆಳ್ಳಗೆ ಹರಡಿ, ಮೇಲೆ ಮಣ್ಣಿನಂಶ ಹೆಚ್ಚಿರುವ ಮುರುಮ್ ಹಾಕಿ, ನೀರು ಸಿಂಪಡಿಸಿ ರೋಲರ್ ಹೊಡೆಸಿದೆವು. ಚೂಪು ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಗುಂಡು ಹರಳುಗಳಿಗೆ ಆ ಗುಣವಿಲ್ಲ. ಹತ್ತು ಹೆಜ್ಜೆಗೊಂದರಂತೆ ದಾರಿಗೆ ಓರೆಯಾಗಿ ಕಲ್ಲಿನ ಕಾಲುವೆ ಮಾಡಿ ಮಳೆನೀರನ್ನು ಬಲಬದಿಯ ಹೊಲಕ್ಕೆ ತಿರುಗಿಸಿದೆವು, ಎಡಬದಿಯಲ್ಲಿ ಕಾಲೂರಲು ಗಟ್ಟಿ ನೆಲ ಉಳಿಯಲಿ ಎಂದು.

ಖರ್ಚಿದ್ದರೆ ಕಾಂಕ್ರೀಟ್ ಪಟ್ಟಿ ಹಾಕಿಸಬಹುದು. ಗಾಲಿಗೆ ಒಂದು ಅಡಿ ಸಾಕು ಎಂದು ಗೌಂಡಿ ಹೇಳುತ್ತಾನೆ, ಕೇಳಬೇಡಿ. ಎರಡೂ ಪಾದಗಳಿಗೆ ಜಾಗ ಬೇಕು, ನಾಲ್ಕು ಅಡಿ ಅಗಲವಿರಲಿ, ಹಸಿಯಿದ್ದಾಗಲೇ ಪೊರಕೆಯಿಂದ ಅಡ್ಡಗೆರೆ ಎಳೆಸಿ. ನಯವಾದ ಫರಸಿಯನ್ನು ಇಳಿಜಾರಿಗೆ ಹಾಸಬೇಡಿ, ಒದ್ದೆಯಾದರೆ ಅದು ಮುರುಮಿಗಿಂತ ಕೆಟ್ಟದ್ದು.

ಕೊನೆಗೆ ಗೇಟು. ಅದನ್ನು ರಸ್ತೆಯ ಅಂಚಿನಿಂದ ಕಿತ್ತು ಹನ್ನೆರಡು ಅಡಿ ಒಳಕ್ಕೆ ತಂದು, ಅದರ ಮುಂದೆಯೂ ಹಿಂದೆಯೂ ಒಂದು ಬೈಕು ನಿಲ್ಲುವಷ್ಟು ಸಮತಟ್ಟು ಮಾಡಿಸಿದ್ದೇವೆ. ಗಾಳಿಗೆ ಮುಚ್ಚದಂತೆ ಕೊಂಡಿಯಿದೆ. ಸಮತಟ್ಟಿಗೆ ಬೇಕಾದ ಮುರುಮ್ ಕಾಕಾ ಅವರ ಹೊಲದ ಅಂಚಿನಲ್ಲೇ ಸಿಕ್ಕಿತು. ಎರಡು ದಿನದ ಕೆಲಸ, ಟ್ರ್ಯಾಕ್ಟರ್ ಅವರದೇ.